ಒಂದು ಕೊಡ ನೀರಿನ ವಿಜ್ಞಾನ

ಹದಿನೆಂಟು ವರ್ಷಗಳಿಂದ ನಾನು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಇಂಜಿನಿಯರಾಗಿದ್ದೇನೆ. ಹುಟ್ಟಿ ಬೆಳೆದದ್ದು ಬಂಗಾರಪೇಟೆಯಲ್ಲಿ. ಊರಿಗೆ ಬಂದಾಗಲೆಲ್ಲ ಹಳೆಯ ಪರಿಚಯದವರು ಕೇಳುವ ಮೊದಲ ಪ್ರಶ್ನೆ, “ಅಲ್ಲಿಗೂ ಇಲ್ಲಿಗೂ ಏನಪ್ಪ ವ್ಯತ್ಯಾಸ?” ಎಂಬುದು. ಅವರಿಗೆ ಬೇಕಾದ ಉತ್ತರ ನನಗೆ ಗೊತ್ತು: ರಸ್ತೆ ನುಣುಪು, ಊರು ಚೊಕ್ಕಟ, ಜನ ಸಾಲಿನಲ್ಲಿ ನಿಲ್ಲುತ್ತಾರೆ, ಇತ್ಯಾದಿ. ಇಷ್ಟು ವರ್ಷವೂ ಅದನ್ನೇ ಹೇಳಿ, ಕಾಫಿ ಕುಡಿದು ಎದ್ದು ಬಂದಿದ್ದೇನೆ. ಈ ಸಲ ನಮ್ಮ ಸ್ವಂತ ಅಡಿಗೆಮನೆಯಲ್ಲಿಯೇ ಆ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ನನಗೆ ಅದು ಹಿತವಾದ ಉತ್ತರವಲ್ಲ, ಓದುವವರಿಗೂ ಆಗಲಾರದು. ಆದರೂ ಬರೆಯದೆ ಇರಲಾರೆ.

ತಂದೆಯವರ ಕಾಲದ ಮನೆ. ಅಡಿಗೆಮನೆಯ ಕಡಪಾ ಕಲ್ಲಿನ ಕಟ್ಟೆ ಬಿರುಕು ಬಿಟ್ಟಿತ್ತು. ಅದನ್ನು ತೆಗೆಸಿ ಗ್ರಾನೈಟ್ ಹಾಕಿಸೋಣವೆಂದು ನಿಶ್ಚಯವಾಯಿತು. ಮೇಸ್ತ್ರಿ ಬಂದ, ಅಳೆದ, ಚದರಡಿಗೆ ಇಷ್ಟೆಂದು ಹೇಳಿದ, ನಾನು ನಮ್ಮವರ ಪದ್ಧತಿಯಂತೆ ಅದಕ್ಕೆ ಸ್ವಲ್ಪ ಕಡಮೆ ಕೇಳಿದೆ, ಒಪ್ಪಂದವಾಯಿತು. ಬೂದು ಬಣ್ಣದ, ಚುಕ್ಕೆ ಚುಕ್ಕೆಯ, ನೋಡಲು ಚೆಲುವಾದ ಕಲ್ಲು. ಮಾರನೆಯ ದಿನ ಬೆಳಗ್ಗೆ ಅದನ್ನು ಕೊಯ್ಯಲು ಒಬ್ಬ ಹುಡುಗ ಬಂದ. ಇಪ್ಪತ್ತೆರಡರ ಪ್ರಾಯವಿರಬೇಕು. ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಚಾಂಪಿಯನ್ ನಿಲ್ದಾಣದಲ್ಲಿ ಹತ್ತಿ ಬಂದಿದ್ದ. ಅರ್ಧ ಕನ್ನಡ, ಅರ್ಧ ತಮಿಳು, ಮುಖದ ತುಂಬ ನಗು. ಕೈಯಲ್ಲಿ ಕಲ್ಲು ಕೊಯ್ಯುವ ಸಣ್ಣ ವಿದ್ಯುತ್ ಯಂತ್ರ.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಆತ ಹಿತ್ತಿಲ ಜಗಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ. ಗುಂಡಿ ಒತ್ತಿದ. ಮುಂದಿನ ನಾಲ್ಕು ಗಂಟೆ ಕಾಲ ಹಿತ್ತಿಲಿನಲ್ಲಿ ಬಿಳಿಯ ಮೋಡವೊಂದು ನಿಂತಿತು. ಆ ಮೋಡದೊಳಗೆ ಹುಡುಗನ ಬೆನ್ನು ಮಾತ್ರ ಆಗಾಗ ಕಾಣುತ್ತಿತ್ತು. ಆಗ ನಾನು ಮಾಡಿದ್ದೇನು? ಅಡಿಗೆಮನೆಯ ಕಿಟಕಿ ಮುಚ್ಚಿದೆ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿಸಿದೆ. ತಾಯಿಗೆ ಉಬ್ಬಸವಿರುವುದರಿಂದ ಅವರನ್ನು ನೆರೆಮನೆಗೆ ಕಳುಹಿಸಿದೆ. ಒಟ್ಟಿನಲ್ಲಿ ಧೂಳು ಕೆಟ್ಟದ್ದೆಂಬ ಜ್ಞಾನ ನನಗೆ ಚೆನ್ನಾಗಿಯೇ ಇತ್ತು. ಅದು ಹಾಲಿಗೆ ಕೆಟ್ಟದ್ದು, ತಾಯಿಗೆ ಕೆಟ್ಟದ್ದು. ಆ ಹುಡುಗನಿಗೂ ಕೆಟ್ಟದ್ದೆಂಬುದು ಮಧ್ಯಾಹ್ನ ಊಟದ ಹೊತ್ತಿನವರೆಗೆ ನನ್ನ ತಲೆಗೆ ಬರಲಿಲ್ಲ.

ಪರ್ತ್‌ನಲ್ಲಿ ನನ್ನ ಉದ್ಯೋಗದ ಒಂದು ಭಾಗವೇ ಇದು ಎಂದು ಹೇಳಿದರೆ ನನ್ನ ನಾಚಿಕೆಯ ಪ್ರಮಾಣ ವಾಚಕರಿಗೆ ತಿಳಿದೀತು. ಕಟ್ಟಡದ ಕೆಲಸದಲ್ಲಿ ಕಲ್ಲು, ಕಾಂಕ್ರೀಟು, ಇಟ್ಟಿಗೆ ಕೊಯ್ಯುವ ಮುನ್ನ, ನೀರು ಎಲ್ಲಿಂದ ಬರುತ್ತದೆ, ಧೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ರುಜು ಹಾಕುವವರಲ್ಲಿ ನಾನೂ ಒಬ್ಬ. ನೀರಿಲ್ಲದೆ, ಧೂಳು ಹೀರುವ ಸಾಧನವಿಲ್ಲದೆ ಯಾರಾದರೂ ಹಾಗೆ ಕಲ್ಲು ಕೊಯ್ದರೆ ಕೆಲಸ ನಿಲ್ಲಿಸುವ ಅಧಿಕಾರ ನನಗುಂಟು, ನಿಲ್ಲಿಸಿದ್ದೂ ಉಂಟು. ಅದೇ ಮನುಷ್ಯ ಬಂಗಾರಪೇಟೆಯ ನಿಲ್ದಾಣದಲ್ಲಿ ಇಳಿದೊಡನೆ ಆ ವಿದ್ಯೆಯನ್ನು ರೈಲಿನಲ್ಲಿಯೇ ಮರೆತುಬಿಟ್ಟ. ಅಲ್ಲಿ ವಿಜ್ಞಾನ, ಇಲ್ಲಿ “ಏನೋ, ನಮ್ಮ ಕಡೆ ಹೀಗೇ”. ಈ ಇಬ್ಬಂದಿತನದ ಮೇಲೆ ಈ ಲೇಖನ. ಇದು ನನ್ನೊಬ್ಬನದಾಗಿದ್ದರೆ ಪತ್ರಿಕೆಯ ಜಾಗ ಕೇಳುತ್ತಿರಲಿಲ್ಲ.

ಮೊದಲು ನಮ್ಮ ಹೆಮ್ಮೆಯ ಪಟ್ಟಿ ನೋಡೋಣ. ಬಂಗಾರಪೇಟೆಯವರಾಗಲಿ ಕೋಲಾರ ಚಿನ್ನದ ಗಣಿಯವರಾಗಲಿ ಹೊರನಾಡಿನಲ್ಲಿ ನಾಲ್ಕು ಜನ ಸೇರಿದರೆ ಈ ಪಟ್ಟಿ ತಪ್ಪದೆ ಹೊರಬರುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ತೊಂಬತ್ತೆರಡು ಮೈಲಿ ತಂತಿ ಎಳೆದು ಚಿನ್ನದ ಗಣಿಗೆ ವಿದ್ಯುತ್ ತಂದರು. ಆ ಕಾಲಕ್ಕೆ ಲೋಕದಲ್ಲಿಯೇ ಅತಿ ದೂರದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಸುಮಾರು ಎರಡು ಮೈಲಿ ಆಳಕ್ಕೆ ಇಳಿಯಿತು. ಅಲ್ಲಿಯ ಬಂಡೆಯ ಶಾಖವೇ ಅರವತ್ತು ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಕನ್ನಡಿಗರೇ ಆದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ವಿಶ್ವಕಿರಣಗಳನ್ನು ಅಳೆಯಲು ಈ ಗಣಿಗಿಳಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕ ನಗರ ವಿಶ್ವವಿದ್ಯಾನಿಲಯದವರೂ ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯದವರೂ ಕೂಡಿ, ಒಂದೂವರೆ ಮೈಲಿಯಷ್ಟು ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣದ ಸುಳಿವನ್ನು ಪತ್ತೆ ಮಾಡಿದರು. ಇವೆಲ್ಲ ನಿಜ, ಎಲ್ಲವೂ ಹೆಮ್ಮೆಪಡಬೇಕಾದವೇ. ನನ್ನ ಮಕ್ಕಳಿಗೂ ಇದೇ ಪಾಠ ಹೇಳಿದ್ದೇನೆ.

ಆದರೆ ಈ ಪಟ್ಟಿಯಲ್ಲಿ ಒಂದು ಅಂಕಿಯನ್ನು ನಾವು ಎಂದೂ ಸೇರಿಸುವುದಿಲ್ಲ. 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಇದೇ ಗಣಿಯ ಕೆಲಸಗಾರರ ಎದೆಯ ಪರೀಕ್ಷೆಯ ವರದಿ ಹೊರಬಂತು. ಪರೀಕ್ಷೆಗೆ ಒಳಗಾದ ಏಳು ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಶೇಕಡಾ 43.7 ಮಂದಿಗೆ ಸಿಲಿಕೋಸಿಸ್, ಎಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ಭಾರತದಲ್ಲಿ ಈ ರೋಗದ ಮೊದಲ ವರದಿ ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಹೆಸರಿಸುವುದು ಕೋಲಾರದ ಗಣಿಯನ್ನೇ. ವಿದ್ಯುತ್ತಿನಂತೆ ಇದರಲ್ಲೂ ನಾವೇ ಮೊದಲು! ಈ ಮೊದಲನ್ನು ಮಾತ್ರ ಯಾವ ಸಮ್ಮೇಳನದಲ್ಲೂ ಯಾರೂ ಎತ್ತುವುದಿಲ್ಲ.

ನನಗೆ ಆ ಅಂಕಿಯ ಮುಖಪರಿಚಯವುಂಟು. ನನ್ನ ಸಹಪಾಠಿಯೊಬ್ಬನ ತಂದೆ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಕೊರೆಯುವ ಕೆಲಸದಲ್ಲಿದ್ದವರು. ಶನಿವಾರ ಅವನೊಡನೆ ಅವರ ಮನೆಗೆ ಹೋಗುತ್ತಿದ್ದೆ. ಸಾಲುಮನೆಗಳ ನಡುವಿನ ಒಂದೇ ಕೋಣೆ, ಮುಂದೊಂದು ತಡಿಕೆಯ ಮರೆ. ಆತ ಸದಾ ಕುಳಿತೇ ಇರುತ್ತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಾತನಾಡುವಾಗ ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಆಡುತ್ತಿದ್ದರು. ಸುತ್ತಲಿನವರು ಅದನ್ನು ಕ್ಷಯ ಎನ್ನುತ್ತಿದ್ದರು; ನಮ್ಮ ಮನೆಯಲ್ಲೂ ಹಾಗೆಯೇ ಹೇಳಿ ನನ್ನನ್ನು ಅಲ್ಲಿಗೆ ಹೋಗದಂತೆ ತಡೆದರು. ಸಿಲಿಕೋಸಿಸ್ ಆದ ಶ್ವಾಸಕೋಶಕ್ಕೆ ಕ್ಷಯ ಬಹು ಸುಲಭವಾಗಿ ಅಂಟುತ್ತದೆ, ಅಷ್ಟರ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಕ್ಷಯವೆಂದರೆ ದೈವ, ಕೊಳಕು, ಬಡತನ; ಯಾರ ಜವಾಬ್ದಾರಿಯೂ ಇಲ್ಲ. ಧೂಳು ಎಂದರೆ ಯಾರೋ ಕೊರೆಯಿಸಿದ್ದು, ಯಾರೋ ಲಾಭ ಪಡೆದದ್ದು. ಅದಕ್ಕೇ ಏನೋ ಕ್ಷಯವೆಂಬ ಹೆಸರೇ ಎಲ್ಲರಿಗೂ ಅನುಕೂಲವಾಗಿತ್ತು.

ಈ ಧೂಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೋಲಾರದ ಚಿನ್ನವಿದ್ದದ್ದು ಬೆಣಚುಕಲ್ಲಿನಲ್ಲಿ. ಬೆಣಚು ಎಂದರೆ ಹರಳುಗಟ್ಟಿದ ಸಿಲಿಕ. ಅದನ್ನು ಒಡೆದಾಗ ಕಣ್ಣಿಗೆ ಕಾಣುವ ಧೂಳಿನಿಂದ ಅಷ್ಟು ಹಾನಿಯಿಲ್ಲ. ಅದು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿ ಹೊರಗೆ ಬರುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ್ದು. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತೀರ ತುದಿಯ ಗಾಳಿಚೀಲದವರೆಗೂ ಇಳಿಯುತ್ತವೆ. ಅಲ್ಲಿ ನಮ್ಮ ರಕ್ಷಣೆಗೆಂದಿರುವ ಜೀವಕೋಶಗಳು ಆ ಕಣವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ. ಕಣ ಮತ್ತೆ ಹೊರಬೀಳುತ್ತದೆ. ಇನ್ನೊಂದು ಜೀವಕೋಶ ಬಂದು ಅದನ್ನೇ ನುಂಗಿ ಸಾಯುತ್ತದೆ. ಹೀಗೆ ಸತ್ತ ಜಾಗದಲ್ಲೆಲ್ಲ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಶ್ವಾಸಕೋಶ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತಾ ಹೋಗಬಹುದು. ಆ ಗಂಟನ್ನು ಕರಗಿಸುವ ಔಷಧವಿಲ್ಲ. 1965ರಲ್ಲಿ ಪತ್ತೆಯಾದ ಆ ನ್ಯೂಟ್ರಿನೋ ನಮ್ಮೆಲ್ಲರ ಎದೆಯನ್ನೂ ಕ್ಷಣಕ್ಷಣಕ್ಕೂ ಹಾದು ಹೋಗುತ್ತಿದೆ, ಏನೂ ಮಾಡುವುದಿಲ್ಲ. ಈ ಇನ್ನೊಂದು ಕಣ ಮಾತ್ರ ಒಳಹೊಕ್ಕರೆ ಹೊರಡುವುದಿಲ್ಲ. ಎರಡೂ ಒಂದೇ ಗಣಿಯ ವಿಜ್ಞಾನ. ನಾವು ಮೊದಲನೆಯದನ್ನು ನೆನಪಿಟ್ಟೆವು.

ಇದಕ್ಕೆ ಪರಿಹಾರ ತಿಳಿದದ್ದು ಯಾವಾಗ? ಮೊನ್ನೆ ಮೊನ್ನೆಯಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಕೆಲಸದವರು ಆ ಕಾಲದಲ್ಲಿ ಲೋಕವೆಲ್ಲ ಹರಡಿದ್ದರು. ನಮ್ಮ ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯ ಕೈಕೆಳಗೆ ಮೇಲ್ವಿಚಾರಣೆಗೆ ಬಂದ ಬಿಳಿಯರಲ್ಲಿ ಅನೇಕರು ಅಲ್ಲಿಯವರೇ. ಅವರೂ ನನ್ನಂತೆ ಪರದೇಶದಲ್ಲಿ ಹೊಟ್ಟೆ ಹೊರೆದವರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದು ಊರಿಗೆ ಮರಳಿದ ಆ ಪ್ರಾಂತದ ಹರೆಯದವರು ಸಾಲುಸಾಲಾಗಿ ಸಾಯತೊಡಗಿದಾಗ, ಜೆ. ಎಸ್. ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞರು ತನಿಖೆ ನಡೆಸಿ 1904ರಲ್ಲಿ ವರದಿ ಕೊಟ್ಟರು. 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿದ ಜೆ. ಬಿ. ಎಸ್. ಹಾಲ್ಡೇನರ ತಂದೆ ಇವರು. ಕಾರಣ ಕಲ್ಲಿನ ಧೂಳು, ಉಪಾಯ ನೀರು: ಇಷ್ಟೇ ಅವರು ಹೇಳಿದ್ದರ ಸಾರ. ಕೊರೆಯುವ ಉಳಿಯ ತುದಿಗೆ ನೀರು ಹರಿಸಿದರೆ ಧೂಳು ಗಾಳಿಗೇಳದೆ ಕೆಸರಾಗಿ ಇಳಿಯುತ್ತದೆ. ಒಣಗಿ ಕೊರೆಯುವ ಯಂತ್ರಕ್ಕೆ ಅಮೆರಿಕದ ಗಣಿಗಳಲ್ಲಿ ‘ವಿಧವೆಯರನ್ನು ಮಾಡುವ ಯಂತ್ರ’ ಎಂಬ ಅಡ್ಡಹೆಸರೇ ಇತ್ತು. ಇದಕ್ಕಿಂತ ಸ್ಪಷ್ಟವಾದ ತಾಂತ್ರಿಕ ಪರಿಭಾಷೆ ಇನ್ನೇನು ಬೇಕು?

1904ಕ್ಕೂ 1947ಕ್ಕೂ ನಡುವೆ ನಲವತ್ತಮೂರು ವರ್ಷ. ಆ ನಡುವೆ ನಮ್ಮ ಗಣಿಯಲ್ಲಿ ಏನೂ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ. ಮಾಡಿದ್ದು ಸಾಲಲಿಲ್ಲವೆಂದು ಆ ವರದಿಯೇ ಹೇಳುತ್ತದೆ. ತೊಂಬತ್ತೆರಡು ಮೈಲಿ ವಿದ್ಯುತ್ ತರಲು ಬುದ್ಧಿಯೂ ಹಣವೂ ಇದ್ದವು. ಬೇತಮಂಗಲದ ಪಾಲಾರ್ ನೀರನ್ನು ಗಣಿಯ ಊರಿಗೆ ಕೊಳವೆಯಲ್ಲಿ ತರಲು ಇದ್ದವು. ಒಂದೊಂದು ಟನ್ ಕಲ್ಲಿನಿಂದ ಕೆಲವೇ ಗ್ರಾಂ ಚಿನ್ನವನ್ನು ತಪ್ಪಿಸಿಕೊಳ್ಳದಂತೆ ಹಿಡಿಯುವ ರಸಾಯನ ವಿದ್ಯೆಯೂ ಇತ್ತು. ಚಿನ್ನದ ಕಣ ಗಾಳಿಗೆ ಹಾರದಂತೆ ನೋಡಿಕೊಂಡ ಎಚ್ಚರಿಕೆಯಲ್ಲಿ ಕಾಲು ಪಾಲು ಕೂಲಿಕಾರನ ಎದೆಗೆ ಇಳಿಯುವ ಕಣದ ಮೇಲೆ ಇದ್ದಿದ್ದರೆ ಆ ಅಂಕಿ ಅಷ್ಟು ದೊಡ್ಡದಾಗುತ್ತಿರಲಿಲ್ಲ.

“ಅದೆಲ್ಲ ಪರಂಗಿ ಕಂಪನಿಯವರ ಕಾಲದ ಕಥೆ, 1956ರಲ್ಲಿ ಗಣಿ ಸರ್ಕಾರಕ್ಕೆ ಬಂತು, 2001ರ ಫೆಬ್ರವರಿಯಲ್ಲಿ ಮುಚ್ಚಿಯೂ ಹೋಯಿತು, ಈಗ ಯಾಕೆ?” ಎನ್ನುವವರಿಗೆ ನನ್ನ ಉತ್ತರ ಇದು: ಗಣಿ ಮುಚ್ಚಿತು, ಆದರೆ ಧೂಳು ರೈಲು ಹತ್ತಿ ಬೆಂಗಳೂರಿಗೆ ಬಂತು. ಗಣಿ ನಿಂತ ಮೇಲೆ ಆ ಊರಿನ ಮಕ್ಕಳು ಪ್ರತಿದಿನ ನಸುಕಿನಲ್ಲಿ ಎದ್ದು ಬಂಗಾರಪೇಟೆಯ ಮೇಲಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅವರಲ್ಲಿ ಗುಮಾಸ್ತರುಂಟು, ಕಾರ್ಖಾನೆಯವರುಂಟು, ನಮ್ಮ ಮನೆಗಳಿಗೆ ಕಲ್ಲು ಕೊಯ್ಯುವವರೂ ಉಂಟು. ನಮ್ಮ ಹಿತ್ತಿಲಿಗೆ ಬಂದ ಹುಡುಗನ ತಾತ ಗಣಿಯಲ್ಲಿ ಬಂಡೆ ಕೊರೆದವರಂತೆ. ಊಟದ ಹೊತ್ತಿನಲ್ಲಿ ಅವನೇ ಹೇಳಿದ. “ತಾತನಿಗೆ ಕೆಮ್ಮು ಇತ್ತು ಸಾರ್. ಅಪ್ಪ ಗಣಿಗೆ ಹೋಗಬೇಡ ಅಂದ. ಗಣೀನೇ ಇಲ್ಲವಲ್ಲ!” ಎಂದು ನಕ್ಕ. ಅವನ ರೆಪ್ಪೆಯ ಮೇಲೆಲ್ಲ ಬಿಳಿಯ ಪುಡಿ. ಆಗ ನನಗೆ ಎಚ್ಚರವಾಯಿತು. ಮೊಮ್ಮಗನಿಗಾಗಿ ಗಣಿಯನ್ನು ನನ್ನ ಹಿತ್ತಿಲಿನಲ್ಲಿಯೇ ತೆರೆದಿದ್ದೆ.

ಇಲ್ಲಿ ಅಂಗಡಿಯ ಮಾತೊಂದನ್ನು ಸೇರಿಸುತ್ತೇನೆ. ಮನೆ ಕಟ್ಟಿಸುವವರಿಗೆ ಉಪಯೋಗವಾದೀತು. ಗ್ರಾನೈಟ್ ಎಂದು ಮಾರುವುದೆಲ್ಲ ಒಂದೇ ಕಲ್ಲಲ್ಲ. ಅಚ್ಚ ಕಪ್ಪು ಕಲ್ಲುಗಳಲ್ಲಿ ಹೆಚ್ಚಿನವು ಬೇರೆ ಜಾತಿ, ಅವುಗಳಲ್ಲಿ ಬೆಣಚು ಕಡಮೆ. ಬೂದು, ಗುಲಾಬಿ ಬಣ್ಣದ ನಿಜವಾದ ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗೂ ಮೇಲೆ ಬೆಣಚೇ. ಇನ್ನು ಕ್ವಾರ್ಟ್ಜ್ ಎಂಬ ಹೆಸರಿನಲ್ಲಿ ಬರುವ ಕೃತಕ ಹಲಗೆಯಲ್ಲಿ ಬೆಣಚಿನ ಪುಡಿಯನ್ನು ಅಂಟಿನಲ್ಲಿ ಒತ್ತಿರುತ್ತಾರೆ. ಹಲವು ಹಲಗೆಗಳಲ್ಲಿ ಅದರ ಪ್ರಮಾಣ ನೂರಕ್ಕೆ ತೊಂಬತ್ತಕ್ಕೂ ಮೇಲೆ. ಚಿನ್ನವಿಲ್ಲದ ಕೋಲಾರದ ಬಂಡೆ ಎನ್ನಿ.

ಈ ಕೃತಕ ಹಲಗೆಯ ಕಥೆ ಕೇಳಿದರೆ, ನಾನು ಪರದೇಶದ ಗುಣಗಾನ ಮಾಡಲು ಬಂದಿಲ್ಲವೆಂಬುದು ಸ್ಪಷ್ಟವಾದೀತು. ಆಸ್ಟ್ರೇಲಿಯವೂ ಚಿನ್ನದ ನಾಡೇ. ಧೂಳಿನಿಂದ ಸತ್ತ ಗಣಿಗಾರರು ಅಲ್ಲಿಯೂ ಸಾಕಷ್ಟು. ಆದರೂ ಈ ಹೊಸ ಹಲಗೆ ಅಡಿಗೆಮನೆಗೆ ಬಂದಾಗ ಅವರೂ ಹಳೆಯ ಪಾಠ ಮರೆತರು. ಹುಡುಗರು ಒಣಗಿದ ಹಲಗೆಯನ್ನೇ ಕೊಯ್ದರು. 2018ಕ್ಕೆ ಮುಂಚಿನಿಂದ ಆ ಕೆಲಸದಲ್ಲಿದ್ದವರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಧೂಳಿನ ರೋಗಕ್ಕೆ ತುತ್ತಾಗಿದ್ದಾರೆಂದು ಅಲ್ಲಿಯ ಸರ್ಕಾರ ನೇಮಿಸಿದ ಸಮಿತಿ 2021ರಲ್ಲಿ ಹೇಳಿತು. ಮೂವತ್ತು, ನಲವತ್ತು ವಯಸ್ಸಿನವರು ಆಮ್ಲಜನಕದ ಕೊಳವೆ ಹಿಡಿದು ಟೆಲಿವಿಷನ್ನಿನ ಮುಂದೆ ಕುಳಿತ ಮೇಲೆ ದೇಶ ಎಚ್ಚೆತ್ತಿತು. 2024ರ ಜುಲೈ 1ರಿಂದ ಆ ಹಲಗೆಯನ್ನು ಅಲ್ಲಿ ಪೂರ್ತಿಯಾಗಿ ನಿಷೇಧಿಸಿದರು. ಹಾಗೆ ಮಾಡಿದ ಮೊದಲ ದೇಶ ಅದು. ಅದೇ ಹಲಗೆಯನ್ನು ಬೆಂಗಳೂರಿನ ಜಾಹೀರಾತುಗಳು ‘ವಿದೇಶಿ ದರ್ಜೆ’ ಎಂದು ಹೊಗಳುವುದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾವು ಪರದೇಶದಿಂದ ಹಲಗೆಯನ್ನು ಕಲಿತೆವು, ನಿಷೇಧವನ್ನು ಕಲಿಯಲಿಲ್ಲ.

ಅಲ್ಲಿಯ ಕಾಯಿದೆಯ ಮಿತಿ ಎಷ್ಟೆಂದರೆ, ಎಂಟು ಗಂಟೆಯ ಕೆಲಸದಲ್ಲಿ ಸರಾಸರಿ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ ಸಿಲಿಕ. ದುಡಿಯುವ ಮನುಷ್ಯ ಅಷ್ಟು ಹೊತ್ತಿನಲ್ಲಿ ಸುಮಾರು ಹತ್ತು ಘನ ಮೀಟರ್ ಗಾಳಿ ಸೇವಿಸುತ್ತಾನೆ. ಎಂದರೆ ದಿನವೊಂದಕ್ಕೆ ಅರ್ಧ ಮಿಲಿಗ್ರಾಂ. ಒಂದು ಸಣ್ಣ ಸಕ್ಕರೆ ಹರಳಿನ ತೂಕ. ಅದಕ್ಕಿಂತ ಹೆಚ್ಚು ಕೂಡದು. ನಮ್ಮ ಹಿತ್ತಿಲಿನ ಬಿಳಿಯ ಮೋಡದಲ್ಲಿ ಎಷ್ಟು ಸಕ್ಕರೆ ಹರಳುಗಳಿದ್ದವೋ ನೀವೇ ಊಹಿಸಿ. ಇನ್ನೊಂದು ಲೆಕ್ಕ: ಒಂದು ಮೈಕ್ರಾನಿನ ಕಲ್ಲುಕಣ ನಿಶ್ಚಲವಾದ ಗಾಳಿಯಲ್ಲಿ ಆಳೆತ್ತರದಿಂದ ನೆಲ ಮುಟ್ಟಲು ಐದಾರು ಗಂಟೆ ಬೇಕು. ಕೊಯ್ತ ಮುಗಿದು, ಮೋಡ ಕರಗಿ, “ಸದ್ಯ, ಧೂಳು ಇಳಿಯಿತು” ಎಂದು ನಾವು ಕಿಟಕಿ ತೆರೆಯುವ ಹೊತ್ತಿಗೆ ಅಪಾಯದ ಪಾಲು ಇನ್ನೂ ಗಾಳಿಯಲ್ಲಿಯೇ ತೇಲುತ್ತಿರುತ್ತದೆ. ಆಮೇಲೆ ಮನೆಗೆಲಸದವಳು ಬಂದು ಕಸಬರಿಕೆಯಲ್ಲಿ ಗುಡಿಸಿ ಇಳಿದದ್ದನ್ನೂ ಮೇಲಕ್ಕೆಬ್ಬಿಸುತ್ತಾಳೆ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಎಲ್ಲವನ್ನೂ ನನ್ನ ಬಂಧುಗಳೇ ಆ ಸಂಜೆ ಎತ್ತಿದರು.

ಮೊದಲನೆಯದು, ಖರ್ಚು. ಸ್ವಾಮಿ, ನೀರಿಗೆ ಎಷ್ಟು ಖರ್ಚು? ಆ ಹುಡುಗನ ಯಂತ್ರವನ್ನು ಕೈಗೆತ್ತಿಕೊಂಡು ನೋಡಿದೆ. ಅದರ ಬದಿಯಲ್ಲಿಯೇ ನೀರಿನ ಸಣ್ಣ ನಳಿಗೆ ಸಿಕ್ಕಿಸುವ ಮೂತಿಯಿತ್ತು! ಯಂತ್ರ ಮಾಡಿದವರಿಗೆ ಗೊತ್ತಿದೆ, ಅದಕ್ಕಾಗಿಯೇ ಇಟ್ಟಿದ್ದಾರೆ. ಅದಕ್ಕೆ ಎಂದೂ ನಳಿಗೆ ಸಿಕ್ಕಿಸಿದ ಗುರುತಿರಲಿಲ್ಲ. ಕೇಳಿದರೆ, “ನೀರು ಹಾಕಿದರೆ ಗೆರೆ ಕಾಣಲ್ಲ ಸಾರ್, ನಿಧಾನ ಆಗ್ತದೆ. ಚದರಡಿ ಲೆಕ್ಕ ಅಲ್ಲವಾ?” ಎಂದ. ಚದರಡಿ ಲೆಕ್ಕ ಮಾಡಿದವನು ನಾನೇ. ಅದರಲ್ಲೂ ಚೌಕಾಶಿ ಮಾಡಿದವನು. ನಾನು ಉಳಿಸಿದ ಹಣ ಅವನ ಉಸಿರಿನಿಂದ ಬಂದದ್ದು.

ಎರಡನೆಯದು, “ಅವರೇ ಮುಸುಕು ಹಾಕಿಕೊಳ್ಳುವುದಿಲ್ಲ, ನಾವೇನು ಮಾಡೋಣ?” ಕರವಸ್ತ್ರ ಕಟ್ಟಿಕೊಂಡಿದ್ದನಲ್ಲ! ಬಟ್ಟೆಯ ಎಳೆಗಳ ನಡುವಿನ ಕಿಂಡಿ ಆ ಕಣಗಳಿಗೆ ಹೆಬ್ಬಾಗಿಲು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. 2020ರ ಸಾಂಕ್ರಾಮಿಕದ ಕಾಲದಲ್ಲಿ ನಾವು ನೀವೆಲ್ಲ ಎನ್-95 ಎಂಬ ಮುಸುಕಿನ ಶಾಸ್ತ್ರವನ್ನು ಬಾಯಿಪಾಠ ಮಾಡಿದೆವು. ಅದನ್ನು ನಮಗಾಗಿ ಕಲಿತೆವು, ಅವನಿಗಾಗಿ ಅಲ್ಲ. ಅಲ್ಲದೆ ಮುಸುಕು ಕೊನೆಯ ಉಪಾಯ. ಧೂಳೇ ಏಳದಂತೆ ಮಾಡುವುದು ಮೊದಲ ಉಪಾಯ. ಮನೆಗೆ ಬೆಂಕಿ ಹಚ್ಚಿ ಕೊಡೆ ಹಿಡಿದುಕೋ ಎಂದರಾದೀತೆ?

ಮೂರನೆಯದು ಮಾತ್ರ ನ್ಯಾಯವಾದ ಆಕ್ಷೇಪಣೆ: ವಿದ್ಯುತ್ ಯಂತ್ರದ ಹತ್ತಿರ ನೀರು ತಂದರೆ ಷಾಕ್ ಹೊಡೆಯುವುದಿಲ್ಲವೇ? ಹೊಡೆಯುತ್ತದೆ, ಎಚ್ಚರ ತಪ್ಪಿದರೆ ಕೊಲ್ಲುತ್ತದೆ. ಅದಕ್ಕೂ ಉಪಾಯವಿದೆ. 30 ಮಿಲಿಆಂಪಿಯರ್ ವಿದ್ಯುತ್ ಸೋರಿದೊಡನೆ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವ ಸಾಧನವೊಂದುಂಟು. ಈಚೆಗೆ ಕಟ್ಟಿದ ಮನೆಗಳ ವಿದ್ಯುತ್ ಪೆಟ್ಟಿಗೆಗಳಲ್ಲಿ ಬಹುವಾಗಿ ಇದ್ದೇ ಇದೆ. ತಂತಿ ಹರಿದಿರಬಾರದು, ಭೂಸಂಪರ್ಕ ಸರಿಯಾಗಿರಬೇಕು, ತಂತಿಯ ಜೋಡಣೆ ನೆಲದ ನೀರಿನಲ್ಲಿ ಬಿದ್ದಿರಬಾರದು. ಇವಿಷ್ಟು ಇಲ್ಲವೆಂದಾದರೆ ಮನೆಯಲ್ಲಿ ಕೊಯ್ಯಿಸಲೇಬೇಡಿ. ಅಳತೆ ಕೊಟ್ಟು, ನೀರು ಹರಿಯುವ ದೊಡ್ಡ ಗರಗಸವಿರುವ ಅಂಗಡಿಯಲ್ಲಿಯೇ ಕೊಯ್ಯಿಸಿ ತರಿಸಿ. ಕೊಯ್ದ ಮೇಲಿನ ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ; ಒಣಗಿದರೆ ಅದು ಮತ್ತೆ ಧೂಳೇ. ಕಸಬರಿಕೆ ಮುಟ್ಟಬೇಡಿ. ಇದೇ ನಾನು ಹೇಳುವ ನಿತ್ಯಜೀವನದ ವಿಜ್ಞಾನ. ಇದನ್ನು ತಿಳಿಯಲು ಪರ್ತ್‌ಗೆ ಹೋಗಬೇಕಾಗಿಲ್ಲ.

ನಾಲ್ಕನೆಯದು, “ಇದೆಲ್ಲ ಸರ್ಕಾರದ ಕೆಲಸ.” ಸರ್ಕಾರ ಕಾಯಿದೆ ಮಾಡಿಲ್ಲವೆ? 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಸಿಲಿಕೋಸಿಸ್ ಅನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದರು. ಆದರೆ ನನ್ನ ಹಿತ್ತಿಲು ಕಾರ್ಖಾನೆಯಲ್ಲ. ಅಲ್ಲಿಗೆ ಇನ್‌ಸ್ಪೆಕ್ಟರು ಬರುವುದಿಲ್ಲ. ಅಲ್ಲಿ ಆ ನಾಲ್ಕು ಗಂಟೆ ಮಾಲೀಕನೂ ನಾನೇ, ಕಂಪನಿಯೂ ನಾನೇ, ಇನ್‌ಸ್ಪೆಕ್ಟರೂ ನಾನೇ. ಜಾನ್ ಟೇಲರ್ ಕಂಪನಿಯನ್ನು ಬೈಯುವುದು ಸುಲಭ. ಮನೆ ಕಟ್ಟಿಸುವ ಪ್ರತಿಯೊಬ್ಬ ಮಧ್ಯಮವರ್ಗದ ಗೃಹಸ್ಥನೂ ಕೆಲವು ದಿನಗಳ ಮಟ್ಟಿಗೆ ಒಂದು ಪುಟ್ಟ ಜಾನ್ ಟೇಲರ್ ಕಂಪನಿಯೇ.

ನಮ್ಮ ಮನೆಗಳಲ್ಲಿ ಇಂಜಿನಿಯರಿಲ್ಲದ ಮನೆ ಈಗ ಅಪರೂಪ. ಮಗನೋ ಅಳಿಯನೋ ಸೊಸೆಯೋ ಪರದೇಶದಲ್ಲಿರುವುದೂ ವಿಶೇಷವಲ್ಲ. ಊರಿಗೆ ಬಂದಾಗ ನಾವು ಚಾಕೊಲೇಟು ತರುತ್ತೇವೆ, ಗಡಿಯಾರ ತರುತ್ತೇವೆ, ಅಲ್ಲಿಯ ಶಿಸ್ತಿನ ಕಥೆ ತರುತ್ತೇವೆ. ಆ ಶಿಸ್ತನ್ನು ಮಾತ್ರ ವಿಮಾನನಿಲ್ದಾಣದ ಆಚೆಯೇ ಬಿಟ್ಟು ಬರುತ್ತೇವೆ. ಅಲ್ಲಿ ಕಾಯಿದೆಯ ಭಯಕ್ಕೆ ಮಾಡಿದ್ದನ್ನು ವಿದ್ಯೆಯೆಂದು ತಿಳಿದಿದ್ದೆವು. ಅದು ವಿದ್ಯೆಯೇ ಆಗಿದ್ದರೆ ಬಂಗಾರಪೇಟೆಯಲ್ಲೂ ನಮ್ಮ ಜೊತೆಗಿರಬೇಕಿತ್ತು. ಧೂಳಿನ ಕಣಕ್ಕೆ ಪಾಸ್‌ಪೋರ್ಟ್ ಗೊತ್ತಿಲ್ಲ. ಪರ್ತ್‌ನ ಎದೆಯಲ್ಲಿ ಮಾಡುವುದನ್ನೇ ಚಾಂಪಿಯನ್ನಿನ ಎದೆಯಲ್ಲೂ ಮಾಡುತ್ತದೆ.

ಆ ಮಧ್ಯಾಹ್ನ ಕೆಲಸ ನಿಲ್ಲಿಸಿದೆ. ಮೇಸ್ತ್ರಿ ಸಿಡುಕಿದ. ಚದರಡಿ ಲೆಕ್ಕ ಬಿಟ್ಟು ದಿನಗೂಲಿ ಎಂದ ಮೇಲೆ ಸುಮ್ಮನಾದ. ಪೇಟೆಗೆ ಹೋಗಿ ನಳಿಗೆ, ಮುಸುಕು, ಸಂಪರ್ಕ ಕಡಿಯುವ ಸಾಧನ ತಂದೆ. ಎಲ್ಲದರ ಖರ್ಚೂ ಸೇರಿ ನಾವು ಒಂದು ಸಂಜೆ ಸಂಸಾರ ಸಮೇತ ಹೋಟೆಲಿಗೆ ಹೋಗಿ ತಿಂದುಬರುವಷ್ಟು. ನೀರಿನ ಕೊಡವನ್ನು ಕಿಟಕಿಯ ಅಟ್ಟಣೆಯ ಮೇಲಿಟ್ಟು ನಳಿಗೆ ಇಳಿಬಿಟ್ಟೆವು. ಮಾರನೆಯ ದಿನ ಉಳಿದ ಮೂರು ಹಲಗೆಗಳನ್ನು ಆತ ಕೊಯ್ದ. ಮೋಡ ಏಳಲಿಲ್ಲ, ಬೂದು ಬಣ್ಣದ ಕೆಸರು ಜಗಲಿಯಿಂದ ಹಿತ್ತಿಲಿಗೆ ಹರಿಯಿತು. ಗೆರೆ ಕಾಣಲೆಂದು ಮೇಣದ ಬಳಪದಲ್ಲಿ ಗುರುತು ಹಾಕಿಕೊಟ್ಟೆ. ಅರ್ಧ ದಿನ ಹೆಚ್ಚು ಹಿಡಿಯಿತು.

ಹೊರಡುವಾಗ ಹುಡುಗ ನಳಿಗೆಯನ್ನೂ ಮುಸುಕುಗಳನ್ನೂ ಚೀಲಕ್ಕೆ ಹಾಕಿಕೊಂಡ. “ನಾಳೆ ವೈಟ್‌ಫೀಲ್ಡ್ ಕೆಲಸ ಸಾರ್. ಅಲ್ಲಿ ನೀರು ಕೊಡ್ತಾರೋ ಇಲ್ಲವೋ” ಎಂದ.

ಆ ಪ್ರಶ್ನೆಗೆ ನಾನು ಉತ್ತರ ಹೇಳಲಾರೆ. ವೈಟ್‌ಫೀಲ್ಡಿನ ಆ ಮನೆ ನನ್ನದಲ್ಲ. ಈ ಭಾನುವಾರ ಪತ್ರಿಕೆ ಓದುತ್ತಿರುವವರಲ್ಲಿ ಯಾರದೋ ಇರಬಹುದು.